ಫೈಲ್‌ಸಿಸ್ಟಮ್ ಬದಲಿಸಿದ ಕೂಡಲೇ ಲಿನಕ್ಸ್ ಇನ್‌ಸ್ಟಾಲರ್ ಬೀಳುತ್ತಿದೆಯೇ? ಬಿದ್ದದ್ದು ಯಾರು ಎಂದು ಮೊದಲು ಹುಡುಕಿ

ಓದುಗರಿಂದ ಪದೇಪದೇ ಬರುವ ಪ್ರಶ್ನೆ ಇದು. ಮಾತು ಬೇರೆಬೇರೆ, ಗೋಳು ಒಂದೇ: "ಇಎಕ್ಸ್‌ಟಿ4 ಇಟ್ಟರೆ ಲಿನಕ್ಸ್ ಸಲೀಸಾಗಿ ಕೂರುತ್ತದೆ. ಬಿಟಿಆರ್‌ಎಫ್‌ಎಸ್ ಅಥವಾ ಎಕ್ಸ್‌ಎಫ್‌ಎಸ್ ಆರಿಸಿದರೆ ಅರ್ಧದಲ್ಲೇ ಇನ್‌ಸ್ಟಾಲರ್ ಮುಚ್ಚಿಕೊಳ್ಳುತ್ತದೆ. ಏನು ಮಾಡಲಿ?" ಇದರ ಹಿಂದೆಯೇ ಇನ್ನೊಂದು: "ಹಾಗಾದರೆ ಆ ಫೈಲ್‌ಸಿಸ್ಟಮ್ ಸರಿಯಿಲ್ಲವೇ?"

ಸರಿಯಾಗಿಯೇ ಇದೆ. ಈ ಫೈಲ್‌ಸಿಸ್ಟಮ್‌ಗಳು ವರ್ಷಗಟ್ಟಲೆ ದೊಡ್ಡ ಸರ್ವರ್‌ಗಳಲ್ಲಿ ದುಡಿದು ಪಳಗಿದವು. ಎಡವುವುದು ಅವುಗಳ ಸುತ್ತ ಇರುವ ಸಹಾಯಕರು: ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಪುಟ್ಟ ಪ್ರೋಗ್ರಾಮ್, ಅದನ್ನು ಕರೆಯುವ ಇನ್‌ಸ್ಟಾಲರ್, ಕೊನೆಯಲ್ಲಿ ಬರುವ ಬೂಟ್‌ಲೋಡರ್. ಮೂವರಲ್ಲಿ ಯಾರು ಬಿದ್ದರು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗೊತ್ತಾಗುವ ಮೊದಲೇ ಫೈಲ್‌ಸಿಸ್ಟಮ್ ಬದಲಿಸುತ್ತ, ವಿತರಣೆ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆ) ಬದಲಿಸುತ್ತ ಹೋದರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಕಮಾಂಡ್‌ಗಳನ್ನೂ ದೋಷ ಸಂದೇಶಗಳನ್ನೂ ಕೇಳಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಮೊದಲು ನಾಲ್ಕು ಪದ

ಡಿಸ್ಕನ್ನು ಹೋಳು ಮಾಡಿದರೆ ಒಂದೊಂದು ಹೋಳೂ ಒಂದು ಪಾರ್ಟಿಷನ್. ಆ ಹೋಳಿನೊಳಗೆ ಕಡತಗಳನ್ನು ಎಲ್ಲಿ, ಯಾವ ಲೆಕ್ಕದಲ್ಲಿ ಇಡಬೇಕೆಂಬ ಏರ್ಪಾಡೇ ಫೈಲ್‌ಸಿಸ್ಟಮ್. ಖಾಲಿ ಹೋಳಿನಲ್ಲಿ ಆ ಏರ್ಪಾಡನ್ನು ಹೊಸದಾಗಿ ಬರೆಯುವುದು ಫಾರ್ಮ್ಯಾಟ್. ಹೀಗೆ ಸಿದ್ಧವಾದ ಹೋಳನ್ನು ಒಂದು ಫೋಲ್ಡರ್‌ಗೆ ಜೋಡಿಸಿ ಬಳಕೆಗೆ ತರುವುದು ಮೌಂಟ್.

ಜೋಡಿಸುವ ಜಾಗಗಳಲ್ಲಿ ನಮಗೆ ಮುಖ್ಯವಾದವು ಮೂರು. ಇಡೀ ವ್ಯವಸ್ಥೆ ಕೂರುವ ರೂಟ್, ಅಂದರೆ ಒಂಟಿ ಓರೆಗೆರೆ. ಲಿನಕ್ಸ್‌ನ ಹೃದಯವಾದ ಕರ್ನಲ್ ಇರುವ ಬೂಟ್. ಕಂಪ್ಯೂಟರಿನ ಯುಇಎಫ್‌ಐ ಫರ್ಮ್‌ವೇರ್ ಓದುವ ಇಎಫ್‌ಐ ಪಾರ್ಟಿಷನ್. ಯುಇಎಫ್‌ಐ ಎಂದರೆ ಕಂಪ್ಯೂಟರ್ ಆನ್ ಆದೊಡನೆ ಎಚ್ಚರಗೊಳ್ಳುವ, ಬೋರ್ಡಿನ ಚಿಪ್ಪಿನಲ್ಲೇ ಇರುವ ಪ್ರೋಗ್ರಾಮ್. ಹಳೆಯ ಬಯೋಸ್‌ನ ಉತ್ತರಾಧಿಕಾರಿ. ಅದು ಬೂಟ್‌ಲೋಡರನ್ನು ಎಬ್ಬಿಸುತ್ತದೆ, ಬೂಟ್‌ಲೋಡರ್ ಲಿನಕ್ಸ್ ಕರ್ನಲನ್ನು ಎಬ್ಬಿಸುತ್ತದೆ. ಹೆಚ್ಚಿನ ವಿತರಣೆಗಳಲ್ಲಿ ಆ ಬೂಟ್‌ಲೋಡರಿನ ಹೆಸರು ಗ್ರಬ್. ಮುಂದೆ ಅದರ ಕಥೆ ದೊಡ್ಡದಿದೆ.

ಕೈಯಲ್ಲಿ ಇರಬೇಕಾದದ್ದು

ಬ್ಯಾಕಪ್. ಅದೂ ಬೇರೆ ಡಿಸ್ಕಿನಲ್ಲಿ. ಮುಂದಿನ ಹಂತಗಳಲ್ಲಿ ಕೆಲವು ಪಾರ್ಟಿಷನ್ನಿನ ಗುರುತನ್ನೇ ಅಳಿಸುವಂಥವು. "ಬೇರೆ ಪಾರ್ಟಿಷನ್‌ನಲ್ಲಿ ಕಾಪಿ ಇದೆ" ಎನ್ನುವುದು ಬ್ಯಾಕಪ್ ಅಲ್ಲ; ಡಿಸ್ಕಿನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಎರಡೂ ಹೋಗುತ್ತವೆ.

ಜೊತೆಗೆ ಲಿನಕ್ಸ್ ಇರುವ ಪೆನ್‌ಡ್ರೈವ್, ಇನ್‌ಸ್ಟಾಲರ್ ಬರೆದಿಡುವ ಲಾಗ್ ಉಳಿಸಿಕೊಳ್ಳಲು ಇನ್ನೊಂದು ಪೆನ್‌ಡ್ರೈವ್, ಪರದೆಯ ಫೋಟೋ ತೆಗೆಯಲು ಫೋನ್. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ ನೋಡುವ ಆಯ್ಕೆಗೆ ಲೈವ್ ಮೋಡ್ ಎನ್ನುತ್ತಾರೆ. ಅದು ಇದ್ದರೆ ಅದನ್ನೇ ಆರಿಸಿ. ನೇರ ಇನ್‌ಸ್ಟಾಲ್ ಆರಿಸಿದರೆ ಇನ್‌ಸ್ಟಾಲರ್ ಬಿದ್ದಾಗ ಕಮಾಂಡ್ ಬರೆಯುವ ಟರ್ಮಿನಲ್ ತೆರೆಯುವುದು ಕಷ್ಟ.

ಹಂತ 1: ಪೆನ್‌ಡ್ರೈವಿನ ಮೇಲಿನ ಅನುಮಾನ ತೀರಿಸಿ

ಬೇಸರದ ಕೆಲಸ, ಆದರೂ ಮೊದಲು ಇದೇ. ಪೆನ್‌ಡ್ರೈವಿಗೆ ಬರೆಯಲು ಇಳಿಸಿಕೊಂಡ ಐಎಸ್‌ಒ ಕಡತ ಅರೆಬರೆ ಇಳಿದಿದ್ದರೆ ಅಥವಾ ಪೆನ್‌ಡ್ರೈವ್ ಸವೆದಿದ್ದರೆ ಇನ್‌ಸ್ಟಾಲರ್ ಎಲ್ಲಿ ಬೇಕಾದರೂ ಬೀಳಬಹುದು. ನೀವು ಆಗಷ್ಟೇ ಫೈಲ್‌ಸಿಸ್ಟಮ್ ಬದಲಿಸಿದ್ದರೆ ಪಾಪ, ಅಪವಾದ ಅದರ ತಲೆಗೆ ಬರುತ್ತದೆ.

ವಿತರಣೆಯವರು ಐಎಸ್‌ಒ ಜೊತೆ ಎಸ್‌ಎಚ್‌ಎ256 ಎಂಬ ಉದ್ದನೆಯ ತಾಳೆಸಂಖ್ಯೆ ಕೊಟ್ಟಿರುತ್ತಾರೆ. ಇಳಿಸಿಕೊಂಡ ಕಡತದ ಮೇಲೆ 'ಎಸ್‌ಎಚ್‌ಎ256ಸಮ್' ಕಮಾಂಡ್ ಓಡಿಸಿ, ಎರಡೂ ಒಂದೇ ಇವೆಯೇ ನೋಡಿ. ಆಮೇಲೆ ಇನ್‌ಸ್ಟಾಲರ್ ಬಿದ್ದಾಗ ಟರ್ಮಿನಲ್‌ನಲ್ಲಿ 'ಸುಡೊ ಡಿಎಂಇಎಸ್‌ಜಿ' ಕೊಡಿ. ಇದು ಕರ್ನಲ್ ಬರೆದಿಟ್ಟ ಸಂದೇಶಗಳನ್ನು ತೋರಿಸುವ ಕಮಾಂಡ್. ಅದರಲ್ಲಿ 'ಸ್ಕ್ವಾಶ್‌ಎಫ್‌ಎಸ್ ಎರರ್' ಎಂಬ ಸಾಲುಗಳು ಸಾಲುಗಟ್ಟಿ ನಿಂತಿದ್ದರೆ ಇಲ್ಲಿಗೇ ಹುಡುಕಾಟ ನಿಲ್ಲಿಸಿ. ಲೈವ್ ವ್ಯವಸ್ಥೆಯನ್ನು ಒತ್ತಿ ತುಂಬಿಟ್ಟ ಫೈಲ್‌ಸಿಸ್ಟಮ್ ಸ್ಕ್ವಾಶ್‌ಎಫ್‌ಎಸ್. ಅದು ಇರುವುದು ಪೆನ್‌ಡ್ರೈವಿನಲ್ಲಿ, ನಿಮ್ಮ ಡಿಸ್ಕಿನಲ್ಲಲ್ಲ. ಬೇರೆ ಪೆನ್‌ಡ್ರೈವ್, ಬೇರೆ ಯುಎಸ್‌ಬಿ ಪೋರ್ಟ್ ಹಿಡಿದು ಮತ್ತೆ ಬರೆಯಿರಿ.

ಹಂತ 2: ಎಲ್ಲಿ ನಿಂತಿತು ನೋಡಿ, ಲಾಗ್ ತೆಗೆಯಿರಿ

ಇನ್‌ಸ್ಟಾಲರ್ ಯಾವುದೇ ಇರಲಿ, ಒಳಗೆ ನಡೆಯುವುದು ಇದೇ ಕ್ರಮ: ಪಾರ್ಟಿಷನ್ ಪಟ್ಟಿ ಬರೆಯುವುದು, ಫಾರ್ಮ್ಯಾಟ್, ಮೌಂಟ್ ಮಾಡಿ ಕಡತ ನಕಲಿಸುವುದು, ಬೂಟ್‌ಲೋಡರ್ ಕೂರಿಸುವುದು. 'ಈಗಲೇ ಇನ್‌ಸ್ಟಾಲ್ ಮಾಡಿ' ಒತ್ತಿದ ಕೆಲವೇ ಕ್ಷಣಗಳಲ್ಲಿ ಬಿದ್ದರೆ ಮೊದಲ ಎರಡರಲ್ಲಿ ಹುಡುಕಿ. ನಡುವೆ ಬಿದ್ದರೆ ನಕಲು. ಎಲ್ಲ ಮುಗಿಯಿತು ಎಂದು ನೀವು ಉಸಿರು ಬಿಡುವ ಹೊತ್ತಿಗೆ ಬಿದ್ದರೆ ಬೂಟ್‌ಲೋಡರ್.

ಪರದೆಯ ಮೇಲೆ ಬರುವ ಪೆಟ್ಟಿಗೆಯ ಸಂದೇಶವನ್ನು ಪೂರ್ತಿ ನಂಬಬೇಡಿ. 'ಏನೋ ತಪ್ಪಾಗಿದೆ' ಎನ್ನುವುದಕ್ಕಿಂತ ಹೆಚ್ಚು ಅದು ಹೇಳುವುದು ಅಪರೂಪ. ನಿಜ ಇರುವುದು ಲಾಗ್ ಕಡತದಲ್ಲಿ. ಅದು ಇರುವ ಜಾಗ ಇನ್‌ಸ್ಟಾಲರ್‌ನಿಂದ ಇನ್‌ಸ್ಟಾಲರ್‌ಗೆ ಬೇರೆ.

ಉಬುಂಟು: 'ವಾರ್' ಒಳಗಿನ 'ಲಾಗ್' ಒಳಗಿನ 'ಇನ್‌ಸ್ಟಾಲರ್' ಫೋಲ್ಡರ್.
ಡೆಬಿಯನ್: ಆಲ್ಟ್ ಮತ್ತು ಎಫ್4 ಒತ್ತಿದರೆ ಲಾಗ್ ಕಣ್ಣಮುಂದೆಯೇ ಓಡುತ್ತದೆ, ಎಫ್2 ಒತ್ತಿದರೆ ಕಮಾಂಡ್ ಬರೆಯುವ ಜಾಗ. ಚಿತ್ರರೂಪದ ಇನ್‌ಸ್ಟಾಲರ್ ಆದರೆ ಕಂಟ್ರೋಲ್ ಕೀಲಿಯನ್ನೂ ಸೇರಿಸಿ ಒತ್ತಿ.
ಫೆಡೋರಾ, ರಾಕಿ, ಆಲ್ಮಾ: ಇವುಗಳ ಇನ್‌ಸ್ಟಾಲರ್ ಅನಕೊಂಡ. 'ಟಿಎಂಪಿ' ಫೋಲ್ಡರ್‌ನಲ್ಲಿ ಅನಕೊಂಡ, ಸ್ಟೋರೇಜ್, ಪ್ರೋಗ್ರಾಮ್ ಎಂಬ ಹೆಸರಿನ ಲಾಗ್‌ಗಳು. ನಮ್ಮ ಕೆಲಸಕ್ಕೆ ಕೊನೆಯ ಎರಡು.
ಮಂಜಾರೋ, ಎಂಡೆವರ್‌ಓಎಸ್, ಲುಬುಂಟು: ಇವು ಬಳಸುವುದು ಕ್ಯಾಲಮಾರೆಸ್. ನಿಮ್ಮ ಹೋಮ್ ಫೋಲ್ಡರಿನ ಅಥವಾ ರೂಟ್ ಎಂಬ ಆಡಳಿತ ಬಳಕೆದಾರನ ಅಡಗಿಸಿಟ್ಟ 'ಕ್ಯಾಶ್' ಫೋಲ್ಡರ್‌ನಲ್ಲಿ 'ಸೆಷನ್' ಲಾಗ್.

ಎಚ್ಚರ: ಲೈವ್ ಮೋಡ್‌ನ ಈ ಕಡತಗಳೆಲ್ಲ ಇರುವುದು ಮೆಮೊರಿಯಲ್ಲಿ. ಸಿಟ್ಟಿನಲ್ಲಿ ರೀಸ್ಟಾರ್ಟ್ ಮಾಡಿದಿರೋ, ಸಾಕ್ಷ್ಯ ಮಾಯ. ಎರಡನೇ ಪೆನ್‌ಡ್ರೈವಿಗೆ ನಕಲಿಸಿಕೊಂಡ ಮೇಲೆ ಉಳಿದದ್ದು.

ಲಾಗ್ ಓದುವಾಗ ಕಟ್ಟಕಡೆಯ ಸಾಲಿಗೆ ಅಂಟಿಕೊಳ್ಳಬೇಡಿ. ಅಲ್ಲಿ ಪೈಥಾನ್ ಭಾಷೆಯ ಗೋಜಲು ಇರುತ್ತದೆ, ಅದು ಪರಿಣಾಮ ಮಾತ್ರ. ಕೆಳಗಿನಿಂದ ಮೇಲಕ್ಕೆ ಹೋಗುತ್ತ, ಹೊರಗಿನ ಯಾವ ಕಮಾಂಡ್ ಮೊದಲು ಸೋತಿತು ಎಂದು ನೋಡಿ. 'ಎಂಕೆಎಫ್‌ಎಸ್' ಎಂದು ಶುರುವಾಗುವ ಹೆಸರಾದರೆ ಫಾರ್ಮ್ಯಾಟ್, 'ಮೌಂಟ್' ಆದರೆ ಜೋಡಣೆ, 'ಆರ್‌ಸಿಂಕ್' ಅಥವಾ 'ಅನ್‌ಸ್ಕ್ವಾಶ್‌ಎಫ್‌ಎಸ್' ಆದರೆ ನಕಲು, 'ಗ್ರಬ್-ಇನ್‌ಸ್ಟಾಲ್' ಆದರೆ ಬೂಟ್‌ಲೋಡರ್.

ಹಂತ 3: ಫಾರ್ಮ್ಯಾಟ್ ಹೊತ್ತಿಗೆ ಬಿದ್ದಿದ್ದರೆ

ಇಲ್ಲಿ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಕಾರಣ.

ಒಂದು, ಯಾರೋ ಆ ಪಾರ್ಟಿಷನ್ ಹಿಡಿದುಕೊಂಡಿದ್ದಾರೆ. ಲಾಗ್‌ನಲ್ಲಿ 'ಡಿವೈಸ್ ಆರ್ ರಿಸೋರ್ಸ್ ಬ್ಯುಸಿ' ಎಂದಿರುತ್ತದೆ. ಕೆಲವು ಲೈವ್ ವ್ಯವಸ್ಥೆಗಳು ಡಿಸ್ಕಿನಲ್ಲಿ ಹಳೆಯ ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ) ಪಾರ್ಟಿಷನ್ ಕಂಡರೆ ಕೇಳದೆಯೇ ಬಳಸತೊಡಗುತ್ತವೆ. ಫೈಲ್ ಮ್ಯಾನೇಜರಿನಲ್ಲಿ ನೀವೇ ಹಳೆಯ ಪಾರ್ಟಿಷನ್ ತೆರೆದು ನೋಡಿ ಮರೆತಿರಲೂಬಹುದು. 'ಸುಡೊ ಸ್ವಾಪ್‌ಆಫ್ -ಎ' ಕೊಟ್ಟು ಸ್ವಾಪ್ ಬಿಡಿಸಿ, ತೆರೆದದ್ದನ್ನು ಅನ್‌ಮೌಂಟ್ ಮಾಡಿ. ಹಲವು ಪಾರ್ಟಿಷನ್ ಕೂಡಿಸಿ ಒಂದೇ ಕೊಳ ಮಾಡುವ ಎಲ್‌ವಿಎಂ ಮೊದಲು ಬಳಸಿದ್ದರೆ 'ಸುಡೊ ವಿಜಿಚೇಂಜ್ -ಎಎನ್' ಅದನ್ನು ಸಡಿಲಿಸುತ್ತದೆ.

ಎರಡು, ಹಳೆಯ ಗುರುತಿನ ಪಳೆಯುಳಿಕೆ. ಇದು ಕಾಡುವಷ್ಟು ಬೇರೆ ಯಾವುದೂ ಕಾಡುವುದಿಲ್ಲ, ಯಾಕೆಂದರೆ ಕಣ್ಣಿಗೆ ಡಿಸ್ಕ್ ಖಾಲಿಯೇ ಕಾಣುತ್ತದೆ. ಪ್ರತಿ ಫೈಲ್‌ಸಿಸ್ಟಮ್ಮೂ ತನ್ನ ಹೆಸರಿನ ಮುದ್ರೆಯನ್ನು ಡಿಸ್ಕಿನ ಗೊತ್ತಾದ ಜಾಗದಲ್ಲಿ ಒತ್ತಿರುತ್ತದೆ. ಪಾರ್ಟಿಷನ್ ಅಳಿಸಿದ ಮಾತ್ರಕ್ಕೆ ಮುದ್ರೆ ಅಳಿಯದು. ಡಿಸ್ಕಿನ ಆರಂಭದ ಒಂದಿಷ್ಟು ಭಾಗಕ್ಕೆ ಸೊನ್ನೆ ಸುರಿದರೂ ಸಾಲದು: ಝಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ತನ್ನ ಗುರುತನ್ನು ನಾಲ್ಕು ಕಡೆ ಬರೆಯುತ್ತದೆ, ಎರಡು ಆರಂಭದಲ್ಲಿ, ಎರಡು ಕೊನೆಯಲ್ಲಿ. ಹಲವು ಡಿಸ್ಕ್ ಕೂಡಿಸಿ ಬಳಸುವ ಲಿನಕ್ಸ್ ಸಾಫ್ಟ್‌ವೇರ್ ರೇಡ್‌ನ ಕೆಲವು ಆವೃತ್ತಿಗಳ ಮುದ್ರೆ ಇರುವುದೇ ಕೊನೆಯಲ್ಲಿ. ಜಿಪಿಟಿ ಎಂಬ ಪಾರ್ಟಿಷನ್ ಪಟ್ಟಿಯ ನಕಲು ಪ್ರತಿಯೂ ಡಿಸ್ಕಿನ ತುತ್ತತುದಿಯಲ್ಲಿ ಕೂತಿರುತ್ತದೆ. ಇನ್‌ಸ್ಟಾಲರ್ ಇವನ್ನೆಲ್ಲ ಕಂಡು, ಒಂದೇ ಡಿಸ್ಕಿಗೆ ಎರಡು ಜಾತಕ ಸಿಕ್ಕಂತಾಗಿ ಗಲಿಬಿಲಿಗೊಂಡು ಬೀಳುತ್ತದೆ.

ಪರೀಕ್ಷಿಸುವುದು ಸುಲಭ. 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟರೆ ಯಾವ ಡಿಸ್ಕ್, ಯಾವ ಪಾರ್ಟಿಷನ್, ಯಾವ ಫೈಲ್‌ಸಿಸ್ಟಮ್ ಎಂಬ ಪಟ್ಟಿ ಬರುತ್ತದೆ. ಖಾಲಿ ಎಂದುಕೊಂಡ ಜಾಗದ ಎದುರು 'ಝಡ್‌ಎಫ್‌ಎಸ್ ಮೆಂಬರ್', 'ಲಿನಕ್ಸ್ ರೇಡ್ ಮೆಂಬರ್', 'ಎಲ್‌ವಿಎಂ2 ಮೆಂಬರ್' ಎಂದಿದ್ದರೆ ಕಳ್ಳ ಸಿಕ್ಕ. 'ಸುಡೊ ವೈಪ್‌ಎಫ್‌ಎಸ್' ಮುಂದೆ ಡಿಸ್ಕಿನ ಹೆಸರು ಕೊಟ್ಟರೆ ಮುದ್ರೆಗಳ ಪಟ್ಟಿ ಮಾತ್ರ ತೋರಿಸುತ್ತದೆ, ಏನೂ ಅಳಿಸುವುದಿಲ್ಲ. ನಡುವೆ '-ಎ' ಸೇರಿಸಿದರೆ ಕಂಡ ಮುದ್ರೆಗಳನ್ನೆಲ್ಲ ಅಳಿಸುತ್ತದೆ. ಮೊದಲು '-ಎ' ಇಲ್ಲದೆ ಓಡಿಸಿ. ಡಿಸ್ಕಿನ ಗಾತ್ರ ನೋಡಿ ಇದೇ ಎಂದು ಖಚಿತ ಮಾಡಿಕೊಳ್ಳಿ. 'ಎಸ್‌ಡಿಎ', 'ಎಸ್‌ಡಿಬಿ' ಎಂಬ ಹೆಸರುಗಳು ಒಂದು ಬೂಟ್‌ನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು. ನಿನ್ನೆಯ ನೆನಪಿನ ಮೇಲೆ ಇವತ್ತು ಅಳಿಸಬೇಡಿ.

ಮೂರು, ಪಾರ್ಟಿಷನ್ ತೀರಾ ಚಿಕ್ಕದು. 2022ರಲ್ಲಿ ಬಂದ ಎಕ್ಸ್‌ಎಫ್‌ಎಸ್ ಸಾಧನಗಳ 5.19 ಆವೃತ್ತಿಯಿಂದ ಈಚೆಗೆ 300 ಎಂಬಿಗಿಂತ ಕಡಿಮೆ ಜಾಗದಲ್ಲಿ ಎಕ್ಸ್‌ಎಫ್‌ಎಸ್ ರಚಿಸಲು ಅದು ಒಪ್ಪುವುದಿಲ್ಲ. ಬಿಟಿಆರ್‌ಎಫ್‌ಎಸ್‌ಗೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 109 ಎಂಬಿ ಕನಿಷ್ಠ. ಹಳೆಯ ಮಾರ್ಗದರ್ಶಿ ನೋಡಿ ಬೂಟ್‌ಗೆ 256 ಎಂಬಿ ಕೊಟ್ಟು ಅದನ್ನು ಎಕ್ಸ್‌ಎಫ್‌ಎಸ್ ಮಾಡಿದರೆ ಬೀಳುವುದು ಖಂಡಿತ. ನಾನೂ ಒಂದು ಸಂಜೆ ಇದಕ್ಕೆ ತೆತ್ತಿದ್ದೇನೆ. ಇನ್‌ಸ್ಟಾಲರ್ ಕಾರಣವನ್ನೇ ಹೇಳದೆ ಮುಚ್ಚಿಕೊಂಡಿತ್ತು. ಅದೇ ಕಮಾಂಡನ್ನು ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿದಾಗ ಒಂದೇ ಸಾಲಿನಲ್ಲಿ ಉತ್ತರ ಬಂತು. ಇದೊಂದು ಒಳ್ಳೆಯ ಉಪಾಯ: ಲಾಗ್‌ನಲ್ಲಿ ಸೋತ ಕಮಾಂಡ್ ಸಿಕ್ಕರೆ, ಆ ಪಾರ್ಟಿಷನ್‌ನಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲದಿದ್ದರೆ, ನೀವೇ ಓಡಿಸಿ ನೋಡಿ.

ನಾಲ್ಕು, ಫಾರ್ಮ್ಯಾಟ್ ಮಾಡುವ ಸಾಧನವೇ ಇಲ್ಲ. 'ಕಮಾಂಡ್ ನಾಟ್ ಫೌಂಡ್' ಎಂಬ ಉತ್ತರ ಬಂದರೆ ಆ ಲೈವ್ ವ್ಯವಸ್ಥೆಯಲ್ಲಿ ಅದರ ಪ್ಯಾಕೇಜ್ ಸೇರಿಸಿಲ್ಲ ಎಂದರ್ಥ. ಇಂಟರ್ನೆಟ್ ಇದ್ದರೆ ಲೈವ್ ಮೋಡ್‌ನಲ್ಲೇ ಅದನ್ನು ಹಾಕಿಕೊಂಡು ಇನ್‌ಸ್ಟಾಲರ್ ಮತ್ತೆ ತೆರೆಯಬಹುದು. ಆದರೆ ಕರ್ನಲ್ಲೇ ಬೆಂಬಲ ಕೈಬಿಟ್ಟಿದ್ದರೆ ಈ ಉಪಾಯ ನಡೆಯದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 2019ರ 8ನೇ ಆವೃತ್ತಿಯಲ್ಲಿ ಬಿಟಿಆರ್‌ಎಫ್‌ಎಸ್ ತೆಗೆದುಹಾಕಿತು. ರೈಸರ್‌ಎಫ್‌ಎಸ್ ಅಂತೂ ಮೂಲ ಕರ್ನಲ್‌ನಿಂದಲೇ 6.13 ಆವೃತ್ತಿಯಲ್ಲಿ ಹೊರಬಿತ್ತು. ಹಳೆಯ ಡಿಸ್ಕಿನಲ್ಲಿ ರೈಸರ್‌ಎಫ್‌ಎಸ್ ಪಾರ್ಟಿಷನ್ ಇದ್ದರೆ, ಹಳೆಯ ಲೈವ್ ಪೆನ್‌ಡ್ರೈವಿನಿಂದ ಕಡತಗಳನ್ನು ಈಗಲೇ ಬೇರೆಡೆ ಸಾಗಿಸಿಬಿಡಿ.

ಹಂತ 4: ಕಡತ ನಕಲಿಸುವಾಗ ಬಿದ್ದಿದ್ದರೆ

ಇಲ್ಲಿ ಫೈಲ್‌ಸಿಸ್ಟಮ್ ಆಯ್ಕೆಯ ಪಾತ್ರ ಕಡಿಮೆ, ಆದರೆ ಎರಡು ಕಡೆ ಅದೇ ಕಾರಣ.

ವಿಂಡೋಸ್‌ನಲ್ಲೂ ಕಾಣಲಿ ಎಂಬ ಆಸೆಯಿಂದ ಕೆಲವರು ರೂಟ್ ಪಾರ್ಟಿಷನ್ನಿಗೆ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಕೊಡಲು ನೋಡುತ್ತಾರೆ. ಲಿನಕ್ಸ್‌ಗೆ ಪ್ರತಿ ಕಡತಕ್ಕೂ ಒಡೆಯ ಯಾರು, ಅನುಮತಿ ಏನು ಎಂಬ ಲೆಕ್ಕ ಬೇಕು. ಒಂದು ಕಡತ ಇನ್ನೊಂದನ್ನು ಬೆರಳು ಮಾಡಿ ತೋರಿಸುವ ಸಿಂಬಾಲಿಕ್ ಲಿಂಕ್ ಬೇಕು. ಎಕ್ಸ್‌ಫ್ಯಾಟ್‌ನಲ್ಲಿ ಇವೆರಡೂ ಇಲ್ಲ. ಎನ್‌ಟಿಎಫ್‌ಎಸ್‌ನಲ್ಲಿ ಹೇಗೋ ಹೊಂದಿಸಬಹುದಾದರೂ ಇನ್‌ಸ್ಟಾಲರ್‌ಗಳು ಅದಕ್ಕೆ ಸಿದ್ಧವಾಗಿಲ್ಲ. ಎರಡಕ್ಕೂ ಕಾಣುವ ಜಾಗ ಬೇಕಿದ್ದರೆ ಪ್ರತ್ಯೇಕ ಡೇಟಾ ಪಾರ್ಟಿಷನ್ ಇಡಿ, ರೂಟನ್ನು ಅದರಲ್ಲಿ ಸಿಕ್ಕಿಸಬೇಡಿ.

ಇನ್ನೊಂದು, ಹಳೆಯ ಪಾರ್ಟಿಷನ್ನನ್ನು 'ಫಾರ್ಮ್ಯಾಟ್' ಗುರುತು ಹಾಕದೆ ರೂಟ್‌ಗೆ ಬಳಸುವುದು. ಬಿಟಿಆರ್‌ಎಫ್‌ಎಸ್‌ನಲ್ಲಿ ಇದು ಹೆಚ್ಚು ಗೊಂದಲ ಮಾಡುತ್ತದೆ. ಅದರೊಳಗೆ ಸಬ್‌ವಾಲ್ಯೂಮ್ ಎಂಬ ಒಳಕೋಣೆಗಳಿರುತ್ತವೆ, ಹಲವು ವಿತರಣೆಗಳು '@' ಮತ್ತು '@ಹೋಮ್' ಎಂಬ ಹೆಸರಿನಲ್ಲಿ ಅವನ್ನು ಸೃಷ್ಟಿಸುತ್ತವೆ. ಅದೇ ಹೆಸರಿನದು ಮೊದಲೇ ಇದ್ದರೆ ಒಂದೋ ಇನ್‌ಸ್ಟಾಲರ್ ಎಡವುತ್ತದೆ, ಇಲ್ಲವೇ ಹಳೆಯ ವ್ಯವಸ್ಥೆಯ ಮೇಲೆ ಹೊಸದನ್ನು ಸುರಿದು ಕಲಸುಮೇಲೋಗರ ಮಾಡುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು.

ಇವೆರಡೂ ಅಲ್ಲದೆ 'ಇನ್‌ಪುಟ್ ಔಟ್‌ಪುಟ್ ಎರರ್' ಕಂಡರೆ ಡಿಸ್ಕ್, ಕೇಬಲ್, ಮೆಮೊರಿ ಕಡೆ ತಿರುಗಿ. 'ಸ್ಮಾರ್ಟ್‌ಸಿಟಿಎಲ್ -ಎ' ಡಿಸ್ಕಿನ ಆರೋಗ್ಯ ಹೇಳುತ್ತದೆ, ಮೆಮ್‌ಟೆಸ್ಟ್86 ಪ್ಲಸ್ ಮೆಮೊರಿಯದು. ಇಎಕ್ಸ್‌ಟಿ4ನಲ್ಲಿ ಬೀಳದೆ ಬಿಟಿಆರ್‌ಎಫ್‌ಎಸ್‌ನಲ್ಲಿ ಮಾತ್ರ 'ಚೆಕ್‌ಸಮ್' ದೂರು ಬರುತ್ತಿದ್ದರೆ ಬಿಟಿಆರ್‌ಎಫ್‌ಎಸ್ ಅನ್ನು ಬೈಯುವ ಮುನ್ನ ಯೋಚಿಸಿ. ಅದು ಬರೆದ ದತ್ತಾಂಶಕ್ಕೂ ತಾಳೆಸಂಖ್ಯೆ ಇಟ್ಟು ಓದುವಾಗ ಸರಿನೋಡುತ್ತದೆ. ಇಎಕ್ಸ್‌ಟಿ4 ಅಂಥ ತಾಳೆ ಇಡುವುದು ತನ್ನ ಲೆಕ್ಕಪತ್ರಕ್ಕೆ ಮಾತ್ರ, ಕಡತದೊಳಗಿನ ದತ್ತಾಂಶಕ್ಕಲ್ಲ. ಕೆಟ್ಟ ಮೆಮೊರಿಯ ಮೇಲೆ ಒಂದು ದೂರು ಹೇಳುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಸುಮ್ಮನಿರುವುದೇ ಒಳ್ಳೆಯದು ಎಂದುಕೊಂಡರೆ ಮುಂದೆ ಕೆಟ್ಟ ಕಡತಗಳೊಂದಿಗೆ ಬದುಕಬೇಕು.

ಹಂತ 5: ಕೊನೆಯಲ್ಲಿ, ಗ್ರಬ್ ಹೊತ್ತಿಗೆ ಬಿದ್ದಿದ್ದರೆ

'ಗ್ರಬ್-ಇನ್‌ಸ್ಟಾಲ್ ವಿಫಲ, ಇದು ಮಾರಕ ದೋಷ' ಎಂಬರ್ಥದ ಕೆಂಪು ಪೆಟ್ಟಿಗೆ ಕಂಡವರೇ ನನ್ನ ಓದುಗರಲ್ಲಿ ಹೆಚ್ಚು. 'ಫೈಲ್‌ಸಿಸ್ಟಮ್ ಬದಲಿಸಿದರೆ ಸರಿಹೋಯಿತು' ಎಂಬ ಅನುಭವ ಹುಟ್ಟುವುದೂ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನಿಸೋಣ.

ಗ್ರಬ್ ಓಡುವ ಹೊತ್ತಿಗೆ ಲಿನಕ್ಸ್ ಇನ್ನೂ ಎದ್ದಿರುವುದಿಲ್ಲ. ಆದ್ದರಿಂದ ಅದು ಲಿನಕ್ಸ್‌ನ ಫೈಲ್‌ಸಿಸ್ಟಮ್ ಚಾಲಕಗಳನ್ನು ಎರವಲು ಪಡೆಯಲಾರದು. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಲ್ಲವನ್ನೂ ಓದಲು ತನ್ನದೇ ಪುಟ್ಟ ಓದುಗರನ್ನು ಕಟ್ಟಿಕೊಂಡಿದೆ. ಕರ್ನಲ್ ಒಂದು ವೇಗದಲ್ಲಿ ಬೆಳೆಯುತ್ತದೆ, ಈ ಪುಟ್ಟ ಓದುಗರು ಇನ್ನೊಂದು ವೇಗದಲ್ಲಿ. ಗ್ರಬ್ 2.06 ಬಂದದ್ದು 2021ರ ಜೂನ್‌ನಲ್ಲಿ, 2.12 ಬಂದದ್ದು 2023ರ ಡಿಸೆಂಬರ್‌ನಲ್ಲಿ. ಈ ಎರಡೂವರೆ ವರ್ಷದ ಸಂದಿಯಲ್ಲಿ ಫೈಲ್‌ಸಿಸ್ಟಮ್‌ಗಳು ಹೊಸ ಗುಣಗಳನ್ನು ಸೇರಿಸಿಕೊಂಡವು.

ಎಲ್ಲರೂ ಕಣ್ಣುಮುಚ್ಚಿ ನಂಬುವ ಇಎಕ್ಸ್‌ಟಿ4 ಸಹ ಇದಕ್ಕೆ ಹೊರತಲ್ಲ. ಅದನ್ನು ರಚಿಸುವ ಇ2ಎಫ್‌ಎಸ್‌ಪ್ರಾಗ್ಸ್ ಸಾಧನಗಳ 1.47.0 ಆವೃತ್ತಿ 2023ರ ಫೆಬ್ರವರಿಯಲ್ಲಿ ಬಂದಾಗ, 'ಮೆಟಾಡೇಟಾ ಸಿಸಮ್ ಸೀಡ್' ಎಂಬ ಗುಣವನ್ನು ತಾನಾಗಿಯೇ ಹಾಕತೊಡಗಿತು. ಗ್ರಬ್ 2.06ಕ್ಕೆ ಇದರ ಪರಿಚಯ ಇರಲಿಲ್ಲ. ಪರಿಣಾಮ: ಅಪ್ಪಟ ಇಎಕ್ಸ್‌ಟಿ4 ಪಾರ್ಟಿಷನ್ ಎದುರಿಗಿದ್ದರೂ 'ಅನ್‌ನೋನ್ ಫೈಲ್‌ಸಿಸ್ಟಮ್', ಅಂದರೆ ಗೊತ್ತಿಲ್ಲದ ಫೈಲ್‌ಸಿಸ್ಟಮ್, ಎಂಬ ಉತ್ತರ. ಎಕ್ಸ್‌ಎಫ್‌ಎಸ್ ಕೂಡ ದೊಡ್ಡ ಎಕ್ಸ್‌ಟೆಂಟ್ ಎಣಿಕೆಯ ಗುಣವನ್ನು ಡೀಫಾಲ್ಟ್ ಮಾಡಿಕೊಂಡಾಗ ಹಳೆಯ ಗ್ರಬ್‌ಗಳಿಗೆ ಅಪರಿಚಿತವಾಯಿತು.

"ಒಂದೇ ವಿತರಣೆಯಲ್ಲಿ ಗ್ರಬ್ ಮತ್ತು ಫಾರ್ಮ್ಯಾಟ್ ಸಾಧನ ಹೊಂದಿಕೊಂಡೇ ಇರಬೇಕಲ್ಲ?" ಎಂದು ಕೇಳುತ್ತೀರಿ. ಸಾಮಾನ್ಯವಾಗಿ ಹೊಂದಿಸಿಯೇ ಇರುತ್ತಾರೆ. ಕೆಡಿಸುವವರು ನಾವು: ಹೊಚ್ಚಹೊಸ ಜಿಪಾರ್ಟೆಡ್ ಪೆನ್‌ಡ್ರೈವಿನಲ್ಲಿ ಮೊದಲೇ ಪಾರ್ಟಿಷನ್ ಮಾಡಿ ಫಾರ್ಮ್ಯಾಟೂ ಮಾಡಿ, ಆಮೇಲೆ ಹಳೆಯ ವಿತರಣೆಯ ಇನ್‌ಸ್ಟಾಲರ್‌ನಲ್ಲಿ 'ಇರುವುದನ್ನೇ ಬಳಸು' ಎನ್ನುತ್ತೇವೆ. ಹೋಳು ಮಾಡಲು ಯಾವ ಸಾಧನ ಬೇಕಾದರೂ ಬಳಸಿ, ಫಾರ್ಮ್ಯಾಟ್ ಮಾತ್ರ ನೀವು ಹಾಕುತ್ತಿರುವ ವಿತರಣೆಯ ಇನ್‌ಸ್ಟಾಲರೇ ಮಾಡಲಿ. ಈ ಒಂದು ಅಭ್ಯಾಸ ಎಷ್ಟೋ ತಲೆನೋವು ತಪ್ಪಿಸುತ್ತದೆ.

ಈಗ ಪರಿಹಾರದ ಕ್ರಮ.

5.1 – ಬೂಟ್ ಬೇರೆ ಮಾಡಿ. ರೂಟ್ ಏನೇ ಇರಲಿ, 1 ಜಿಬಿಯ ಪ್ರತ್ಯೇಕ ಬೂಟ್ ಪಾರ್ಟಿಷನ್ ಇಟ್ಟು ಅದಕ್ಕೆ ಇಎಕ್ಸ್‌ಟಿ4 ಕೊಡಿ, ಫಾರ್ಮ್ಯಾಟ್ ಗುರುತು ಹಾಕಿ. ಈಗ ಗ್ರಬ್ ಓದಬೇಕಾದದ್ದು ಆ ಪುಟ್ಟ ಹೋಳನ್ನು ಮಾತ್ರ. ರೂಟ್‌ನಲ್ಲಿ ಏನಿದೆಯೋ ಅದು ಕರ್ನಲ್ ಎದ್ದ ಮೇಲಿನ ಮಾತು. ಇದೇನು ಹಿಂಜರಿಕೆಯಲ್ಲ: ಫೆಡೋರಾ 2020ರ 33ನೇ ಆವೃತ್ತಿಯಲ್ಲಿ ಬಿಟಿಆರ್‌ಎಫ್‌ಎಸ್ ಡೀಫಾಲ್ಟ್ ಮಾಡಿದಾಗಲೂ ಬೂಟ್ ಅನ್ನು ಇಎಕ್ಸ್‌ಟಿ4 ಆಗಿಯೇ ಇಟ್ಟಿತು. ಬದಲಿಗೆ ಒಂದು ತೆರಿಗೆ ಉಂಟು. ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪಡಿಯಚ್ಚು, ತೆಗೆದಾಗ ಬೂಟ್‌ನಲ್ಲಿರುವ ಕರ್ನಲ್ ಅದರಲ್ಲಿ ಸೇರುವುದಿಲ್ಲ. ಹಳೆಯ ಪಡಿಯಚ್ಚಿಗೆ ಮರಳುವಾಗ ಇದು ನೆನಪಿರಲಿ.

5.2 – ಡಿಸ್ಕಿಗೆ ಬೀಗಮುದ್ರೆ, ಅಂದರೆ ಎನ್‌ಕ್ರಿಪ್ಷನ್, ಹಾಕಿದ್ದರೆ ಬೂಟ್ ಹೊರಗೇ ಇರಲಿ. ಗ್ರಬ್ 2.06 ಎಲ್‌ಯುಕೆಎಸ್2 ಬೀಗವನ್ನು ತೆರೆಯಬಲ್ಲದು, ಆದರೆ ಪಿಬಿಕೆಡಿಎಫ್2 ಬಗೆಯ ಕೀಲಿಗೆ ಮಾತ್ರ. ಎಲ್‌ಯುಕೆಎಸ್2 ತಾನಾಗಿ ಬಳಸುವುದು ಆರ್ಗಾನ್2 ಬಗೆ, ಅದನ್ನು ಈ ಗ್ರಬ್ ತೆರೆಯಲಾರದು.

5.3 – ಇಎಫ್‌ಐ ಪಾರ್ಟಿಷನ್ ಸರಿನೋಡಿ. ಇದಕ್ಕೆ ಫ್ಯಾಟ್32 ಕೊಡಿ. ಚೆನ್ನಾಗಿರಲಿ ಎಂದು ಇಎಕ್ಸ್‌ಟಿ4 ಕೊಟ್ಟರೆ ಫರ್ಮ್‌ವೇರ್ ಅದನ್ನು ಓದುವುದೇ ಇಲ್ಲ. ಮೌಂಟ್ ಆಗಬೇಕಾದ ಜಾಗ ಹೆಚ್ಚಿನ ವಿತರಣೆಗಳಲ್ಲಿ 'ಬೂಟ್' ಒಳಗಿನ 'ಇಎಫ್‌ಐ'. ವಿಂಡೋಸ್ ಜೊತೆಗಿದ್ದರೆ ಈ ಪಾರ್ಟಿಷನ್ ಮೊದಲೇ ಇರುತ್ತದೆ, ಬಳಸಿಕೊಳ್ಳಿ. ಇದೊಂದನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ, ಮಾಡಿದರೆ ವಿಂಡೋಸ್ ಏಳುವುದಿಲ್ಲ.

5.4 – ಯಾವ ಮೋಡ್‌ನಲ್ಲಿ ಬೂಟ್ ಆಗಿದ್ದೀರಿ? ಲೈವ್ ವ್ಯವಸ್ಥೆಯಲ್ಲಿ 'ಸಿಸ್' ಒಳಗಿನ 'ಫರ್ಮ್‌ವೇರ್' ಒಳಗೆ 'ಇಎಫ್‌ಐ' ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಹಳೆಯ ಬಯೋಸ್ ಮೋಡ್. ಬಯೋಸ್ ಮೋಡ್‌ನಲ್ಲಿ ಜಿಪಿಟಿ ಡಿಸ್ಕಿಗೆ ಗ್ರಬ್ ಹಾಕಲು 1 ಎಂಬಿಯ 'ಬಯೋಸ್ ಬೂಟ್' ಪಾರ್ಟಿಷನ್ ಬೇಕು. ಅದಕ್ಕೆ ಫೈಲ್‌ಸಿಸ್ಟಮ್ ಕೊಡಬಾರದು, ಖಾಲಿ ಬಿಡಬೇಕು. ತೀರಾ ಹಳೆಯ ಡಿಸ್ಕುಗಳಲ್ಲಿ ಮೊದಲ ಪಾರ್ಟಿಷನ್ 63ನೇ ಸೆಕ್ಟರ್ (ಡಿಸ್ಕಿನ ಪುಟ್ಟ ತುಣುಕು) ನಿಂದ ಶುರುವಾಗಿರುತ್ತದೆ. ಅದಕ್ಕೂ ಮೊದಲಿನ 31 ಕೆಬಿ ಚಿಲ್ಲರೆ ಜಾಗದಲ್ಲಿ ಗ್ರಬ್‌ನ ತಿರುಳು ಹಿಡಿಸದೆ 'ಕೋರ್ ಇಮೇಜ್ ಹಿಡಿಸುತ್ತಿಲ್ಲ' ಎಂಬರ್ಥದ ದೂರು ಬರುತ್ತದೆ. ಬಿಟಿಆರ್‌ಎಫ್‌ಎಸ್, ಎಲ್‌ವಿಎಂ, ರೇಡ್ ಓದುವ ಭಾಗಗಳು ಸೇರಿದಷ್ಟೂ ಆ ತಿರುಳು ದಪ್ಪವಾಗುತ್ತದೆ. ಇಎಕ್ಸ್‌ಟಿ4ನಲ್ಲಿ ಹಿಡಿಸಿದ್ದು ಇವುಗಳಲ್ಲಿ ಹಿಡಿಸದಿರಲು ಇದೇ ಕಾರಣ. ಪಾರ್ಟಿಷನ್ ಪಟ್ಟಿ ಹೊಸದಾಗಿ ಬರೆದು 2048ನೇ ಸೆಕ್ಟರ್‌ನಿಂದ ಶುರುಮಾಡಿದರೆ ತೀರಿತು. ಈಗಿನ ಸಾಧನಗಳೆಲ್ಲ ತಾವಾಗಿಯೇ ಹಾಗೆ ಮಾಡುತ್ತವೆ.

5.5 – ಗ್ರಬ್ ಅನ್ನು ಪಾರ್ಟಿಷನ್ನಿಗಲ್ಲ, ಡಿಸ್ಕಿಗೆ ಹಾಕಿ. ಬಯೋಸ್ ಮೋಡ್‌ನಲ್ಲಿ ಕೆಲವರು 'ಎಸ್‌ಡಿಎ' ಬದಲು 'ಎಸ್‌ಡಿಎ1' ಆರಿಸುತ್ತಾರೆ. ಇಎಕ್ಸ್‌ಟಿ4 ತನ್ನ ಮೊದಲ 1024 ಬೈಟ್‌ಗಳನ್ನು ಬೂಟ್‌ಗೆಂದು ಖಾಲಿ ಬಿಡುತ್ತದೆ. ಎಕ್ಸ್‌ಎಫ್‌ಎಸ್ ಬಿಡುವುದಿಲ್ಲ, ಅದರ ಲೆಕ್ಕಪತ್ರ ಮೊಟ್ಟಮೊದಲ ಸೆಕ್ಟರ್‌ನಿಂದಲೇ ಆರಂಭ. ಅಲ್ಲಿ ಗ್ರಬ್‌ಗೆ ಕೂರಲು ಜಾಗವಿಲ್ಲ.

ಒಂದು ಮೋಸದ ಸಂದೇಶದ ಬಗ್ಗೆ ಎಚ್ಚರ. ಗ್ರಬ್ ಹಂತದಲ್ಲಿ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಬಂದರೆ ಎಲ್ಲರೂ ಡಿಸ್ಕಿನ ಗಾತ್ರ ಹೆಚ್ಚಿಸಲು ಓಡುತ್ತಾರೆ. ಅದೇ ಸಾಲಿನಲ್ಲಿ 'ಬೂಟ್ ವೇರಿಯಬಲ್' ಎಂಬ ಮಾತಿದ್ದರೆ ತುಂಬಿರುವುದು ಡಿಸ್ಕ್ ಅಲ್ಲ, ಮದರ್‌ಬೋರ್ಡ್‌ನ ಪುಟ್ಟ ನೆನಪಿನ ಚಿಪ್ಪು. 'ಇಎಫ್‌ಐಬೂಟ್‌ಎಂಜಿಆರ್' ಕಮಾಂಡಿನಲ್ಲಿ ಹಳೆಯ, ಬಳಕೆಯಲ್ಲಿಲ್ಲದ ಬೂಟ್ ನಮೂದುಗಳನ್ನು ನೋಡಿ ತೆಗೆದು, ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿ.

ಹಂತ 6: ಇಎಕ್ಸ್‌ಟಿ4 ಇಟ್ಟು ಒಮ್ಮೆ ಪರೀಕ್ಷಿಸಿ

ಇಷ್ಟಾದರೂ ಸುಳಿವು ಸಿಗದಿದ್ದರೆ, ಡಿಸ್ಕ್ ಪೂರ್ತಿ ಖಾಲಿ ಮಾಡಬಹುದಾದ ಸ್ಥಿತಿಯಿದ್ದರೆ, ಇನ್‌ಸ್ಟಾಲರ್‌ನ ಸ್ವಯಂಚಾಲಿತ ಆಯ್ಕೆಯಲ್ಲಿ ಇಎಕ್ಸ್‌ಟಿ4 ಇಟ್ಟು ಒಂದು ಸಲ ನಡೆಸಿ. ಸೋಲು ಒಪ್ಪಿಕೊಳ್ಳುವ ಸಲುವಾಗಿ ಅಲ್ಲ, ಒಂದು ಪ್ರಯೋಗವಾಗಿ. ಅದೂ ಬಿದ್ದರೆ ಫೈಲ್‌ಸಿಸ್ಟಮ್ ನಿರಪರಾಧಿ. 1 ಮತ್ತು 4ನೇ ಹಂತಗಳಿಗೆ ಮರಳಿ. ಅದು ಬೀಳದೆ ಮುಗಿದರೆ, ಇನ್‌ಸ್ಟಾಲರ್ ತಾನೇ ಮಾಡಿದ ಪಾರ್ಟಿಷನ್ ಪಟ್ಟಿಯನ್ನು 'ಎಲ್‌ಎಸ್‌ಬಿಎಲ್‌ಕೆ -ಎಫ್'ನಲ್ಲಿ ನೋಡಿ ಬರೆದುಕೊಳ್ಳಿ. ಆಮೇಲೆ ಅದೇ ನಕ್ಷೆಯಲ್ಲಿ ರೂಟ್ ಒಂದನ್ನು ಮಾತ್ರ ಬದಲಿಸಿ ಮತ್ತೆ ನಡೆಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಒಟ್ಟಿಗೆ ಬದಲಿಸಿ ಗೆದ್ದರೂ ಯಾವುದರಿಂದ ಗೆದ್ದಿರಿ ಎಂದು ತಿಳಿಯುವುದಿಲ್ಲ.

ಯಾವುದು ಇಟ್ಟುಕೊಳ್ಳಲಿ ಎಂದು ಕೇಳುವವರಿಗೆ ನನ್ನ ಲೆಕ್ಕ ಸರಳ. ಪಡಿಯಚ್ಚು ತೆಗೆದು ಹಿಂದಕ್ಕೆ ಮರಳುವ ಅಭ್ಯಾಸ ನಿಜವಾಗಿ ಇದ್ದರೆ ಬಿಟಿಆರ್‌ಎಫ್‌ಎಸ್. ದೊಡ್ಡದೊಡ್ಡ ಕಡತಗಳ ಡಿಸ್ಕಾದರೆ ಎಕ್ಸ್‌ಎಫ್‌ಎಸ್, ಆದರೆ ಅದನ್ನು ಆಮೇಲೆ ಕುಗ್ಗಿಸುವುದು ಆಗದ ಮಾತು ಎಂದೇ ತಿಳಿದು ಗಾತ್ರ ಕೊಡಿ. ಇವೆರಡೂ ಅಲ್ಲದಿದ್ದರೆ ಇಎಕ್ಸ್‌ಟಿ4, ಕಣ್ಣುಮುಚ್ಚಿ. ಬಿಕ್ಯಾಶ್‌ಎಫ್‌ಎಸ್‌ನಂಥ ಹೊಸಬರನ್ನು ರೂಟ್‌ಗೆ ಇಡುವ ಮುನ್ನ ಎರಡು ಸಲ ಯೋಚಿಸಿ. 2024ರ ಜನವರಿಯ 6.7 ಕರ್ನಲ್‌ನಲ್ಲಿ ಒಳಬಂದ ಅದು ಎರಡೇ ವರ್ಷದೊಳಗೆ 6.18ರಲ್ಲಿ ಮೂಲ ಕರ್ನಲ್‌ನಿಂದ ಹೊರಬಿತ್ತು.

ಹಂತ 7: ಮತ್ತೆ ಮೊದಲಿನಿಂದ ಹಾಕಬೇಕೇ?

ಗ್ರಬ್ ಒಂದೇ ಬಿದ್ದಿದ್ದರೆ ಬೇಡ. ಆ ಹೊತ್ತಿಗೆ ಇಡೀ ವ್ಯವಸ್ಥೆ ಡಿಸ್ಕಿನಲ್ಲಿ ಕೂತಾಗಿರುತ್ತದೆ. ಲೈವ್ ಮೋಡ್‌ನಲ್ಲಿ ರೂಟ್ ಪಾರ್ಟಿಷನ್ನನ್ನು 'ಎಂಎನ್‌ಟಿ' ಫೋಲ್ಡರ್‌ಗೆ ಮೌಂಟ್ ಮಾಡಿ. ಬಿಟಿಆರ್‌ಎಫ್‌ಎಸ್ ಆದರೆ '-ಓ ಸಬ್‌ವಾಲ್=@' ಎಂದು ಒಳಕೋಣೆಯ ಹೆಸರನ್ನೂ ಹೇಳಬೇಕು, ಇಲ್ಲದಿದ್ದರೆ ಖಾಲಿ ಕಂಡು ಗಾಬರಿಯಾಗುತ್ತೀರಿ. ಅದರೊಳಗೆ ಬೂಟ್, ಇಎಫ್‌ಐ ಪಾರ್ಟಿಷನ್‌ಗಳನ್ನು ಅವುಗಳ ಜಾಗಕ್ಕೆ ಜೋಡಿಸಿ. 'ಡೆವ್', 'ಪ್ರಾಕ್', 'ಸಿಸ್' ಮೂರನ್ನೂ 'ಮೌಂಟ್ --ಆರ್‌ಬೈಂಡ್' ಮೂಲಕ ಒಳಗೆ ತನ್ನಿ. ನಂತರ 'ಸುಡೊ ಸಿಎಚ್‌ರೂಟ್' ಮುಂದೆ ಆ ಫೋಲ್ಡರಿನ ಹೆಸರು. ಈಗ ನೀವು ಹೊಸ ವ್ಯವಸ್ಥೆಯ ಒಳಗಿದ್ದೀರಿ. ಡೆಬಿಯನ್ ಬಳಗದಲ್ಲಿ 'ಗ್ರಬ್-ಇನ್‌ಸ್ಟಾಲ್' ಓಡಿಸಿ, ಬಯೋಸ್ ಮೋಡ್ ಆದರೆ ಮುಂದೆ ಡಿಸ್ಕಿನ ಹೆಸರು ಸೇರಿಸಿ, ಆಮೇಲೆ 'ಅಪ್‌ಡೇಟ್-ಗ್ರಬ್'. ಫೆಡೋರಾ ಬಳಗದಲ್ಲಿ ಯುಇಎಫ್‌ಐ ಇದ್ದರೆ ಗ್ರಬ್-ಇನ್‌ಸ್ಟಾಲ್ ಮುಟ್ಟಬೇಡಿ. ಗ್ರಬ್ ಮತ್ತು ಶಿಮ್ ಪ್ಯಾಕೇಜ್‌ಗಳನ್ನು ಮರುಇನ್‌ಸ್ಟಾಲ್ ಮಾಡಿದರೆ ಸಾಕು.

ಈ ದಾರಿಯ ಇನ್ನೊಂದು ಲಾಭ: ಗ್ರಬ್‌ನ ನಿಜವಾದ ದೂರು ಇಲ್ಲಿ ನೇರವಾಗಿ ಕಣ್ಣಿಗೆ ಬೀಳುತ್ತದೆ.

ಅದೂ ಅರ್ಥವಾಗದೆ ಯಾರನ್ನಾದರೂ ಕೇಳಲು ಹೊರಟರೆ "ಇನ್‌ಸ್ಟಾಲ್ ಆಗ್ತಿಲ್ಲ" ಎಂದಷ್ಟೇ ಬರೆಯಬೇಡಿ. ವಿತರಣೆಯ ಹೆಸರು ಮತ್ತು ಆವೃತ್ತಿ, ಯುಇಎಫ್‌ಐ ಅಥವಾ ಬಯೋಸ್, 'ಎಲ್‌ಎಸ್‌ಬಿಎಲ್‌ಕೆ -ಎಫ್' ತೋರಿಸಿದ ಪಟ್ಟಿ, ರೂಟ್ ಮತ್ತು ಬೂಟ್‌ಗೆ ಏನು ಆರಿಸಿದ್ದಿರಿ, ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದ್ದು ಇನ್‌ಸ್ಟಾಲರೋ ಬೇರೆ ಸಾಧನವೋ, ಲಾಗ್‌ನಲ್ಲಿ ಮೊದಲು ಸೋತ ಕಮಾಂಡ್ ಮತ್ತು ಅದರ ಸುತ್ತಲಿನ ಇಪ್ಪತ್ತು ಸಾಲು. ಇವು ಸಾಕು. ಲಾಗ್ ಕಳಿಸುವ ಮುನ್ನ ಒಮ್ಮೆ ಕಣ್ಣಾಡಿಸಿ, ನಿಮ್ಮ ಬಳಕೆದಾರ ಹೆಸರು, ವೈಫೈ ಹೆಸರು ಅದರಲ್ಲಿದ್ದರೆ ಅಳಿಸಿ ಕಳಿಸಿ.